ಆಕ್ಟೋಪಸ್ಸಿನ ಎರಡು ಕಣ್ಣು

ರೇಡಿಯೋ ಇವತ್ತು ಬಾಯಿ ಮುಚ್ಚಿಕೊಂಡಿದೆ ಎಂದು ಮೊದಲು ಖುಷಿಪಟ್ಟವಳು ಟೀಚರಮ್ಮನೇ. ಆ ಖುಷಿಯನ್ನು ನೆನೆಸಿಕೊಂಡರೆ ಈಗಲೂ ಅವಳ ಮೈ ಜುಂ ಎನ್ನುತ್ತದೆ.

ರೇಡಿಯೋ ಎಂದರೆ ನಾಲ್ಕು ವರ್ಷದ ಹುಡುಗಿ. ಬೆಳಿಗ್ಗೆ ನರ್ಸರಿ ಬಾಗಿಲಲ್ಲಿ ಅಮ್ಮ ಕೈಬಿಟ್ಟ ಗಳಿಗೆಯಿಂದ ಸಂಜೆ ಮತ್ತೆ ಕೈಹಿಡಿಯುವ ತನಕ ಅವಳ ಮಾತಿಗೆ ತಡೆಯೆಂಬುದಿಲ್ಲ. ಮನೆಯ ಬೆಕ್ಕು ಯಾರ ಮೇಲೆ ಮುನಿಸಿಕೊಂಡಿದೆ, ಅಪ್ಪ ಸ್ನಾನ ಮಾಡುವಾಗ ಯಾವ ಹಾಡನ್ನು ಹಾಳು ಮಾಡುತ್ತಾನೆ, ಎಲ್ಲವೂ ಬಿತ್ತರವಾಗಲೇಬೇಕು. ಆ ಹೆಸರಿಟ್ಟವಳು ಆಯಾ. ಆಯಾಳ ಗಂಟಲೇನೂ ಸಣ್ಣದಲ್ಲ. ಇಬ್ಬರೂ ಎದುರುಬದುರು ನಿಂತರೆ ಉಳಿದವರು ಕಿವಿ ಮುಚ್ಚಿಕೊಳ್ಳುವುದೊಂದೇ ದಾರಿ.

ವಾರದಿಂದ ತರಗತಿಯ ಒಂದು ಮೂಲೆ ಸಮುದ್ರವಾಗಿತ್ತು. ಗೋಡೆಗೆ ನೀಲಿ ಕಾಗದ, ಅದರ ಮೇಲೆ ಕಾಗದದ ತಟ್ಟೆಯಿಂದ ಮಾಡಿದ ಮೀನುಗಳು, ಒಂದು ಕಡೆ ಮಾತ್ರ ಕಾಲಿರುವ ಏಡಿ, ನಗುತ್ತಿರುವ ಶಾರ್ಕು. ಇವುಗಳ ಮೇಲೆ ಚಾವಣಿಯಿಂದ ದಾರದಲ್ಲಿ ತೂಗುತ್ತಿದ್ದದ್ದು ಟೀಚರಮ್ಮನೇ ಮಾಡಿದ ಲೋಳೆಮೀನು, ಅದೇ ಜೆಲ್ಲಿಫಿಶ್ಶು. ಕಾಗದದ ಬಟ್ಟಲನ್ನು ಬೋರಲು ಹಾಕಿ, ಅಂಚಿಗೆ ತೆಳುಕಾಗದದ ಪಟ್ಟಿಗಳನ್ನು ಇಳಿಬಿಟ್ಟು, ಒಳಗೆ ಬೆರಳಿನಷ್ಟು ಪುಟ್ಟ ದೀಪವೊಂದನ್ನು ಸಿಕ್ಕಿಸಿದ್ದಳು. ಪರದೆ ಎಳೆದು ದೀಪ ಹಚ್ಚಿದಾಗ ಮಕ್ಕಳೆಲ್ಲ ಬಾಯಿ ಬಿಟ್ಟುಕೊಂಡು ನೋಡಿದ್ದವು. ಅವಳಿಗೂ ಒಳಗೊಳಗೇ ಹೆಮ್ಮೆ, ಇಲ್ಲ ಅನ್ನುವಂತಿಲ್ಲ.

ಆವತ್ತು ಮಧ್ಯಾಹ್ನದ ಕೆಲಸ ಆಕ್ಟೋಪಸ್. ಬಣ್ಣದ ಕಾಗದದ ಅರ್ಧಕ್ಕೆ ಎಂಟು ಸೀಳು ಹಾಕಿ, ಕಾಗದವನ್ನು ಕೊಳವೆಯಂತೆ ಸುತ್ತಿ ಅಂಟಿಸಿದರೆ ತಲೆ ಆಯಿತು. ಸೀಳುಗಳನ್ನು ಪೆನ್ಸಿಲ್ಲಿಗೆ ಸುತ್ತಿ ಬಿಟ್ಟರೆ ಸುರುಳಿ ಕಾಲು. ಕೊನೆಗೆ ಕಣ್ಣು. ಒಳಗೆ ಕರಿಗುಡ್ಡೆ ಅಲ್ಲಾಡುವ, ಗುಂಡಿಯಷ್ಟು ಅಗಲದ ಪ್ಲಾಸ್ಟಿಕ್ ಕಣ್ಣುಗಳು ಅವು, ಅಂಗಡಿಯಲ್ಲಿ ಪೊಟ್ಟಣದಲ್ಲಿ ಸಿಗುತ್ತವೆ.

ಕಣ್ಣಿನ ವಿಷಯದಲ್ಲಿ ಟೀಚರಮ್ಮನದೇ ಒಂದು ಪದ್ಧತಿ ಇತ್ತು. ಮಕ್ಕಳಿಗೇ ಬಿಟ್ಟರೆ ಒಂದು ಕಣ್ಣು ತಲೆಯ ಮೇಲೆ, ಇನ್ನೊಂದು ಕಾಲಿನ ಹತ್ತಿರ. ತಾನೇ ಅಂಟಿಸಿದರೆ ಮಕ್ಕಳಿಗೆ ಮುನಿಸು. ಅದಕ್ಕೇ ಅವಳು 'ಒಂದು ಕಣ್ಣು ನಂದು, ಒಂದು ಕಣ್ಣು ನಿಂದು' ಎಂದು ರಾಜಿ ಮಾಡಿಕೊಂಡಿದ್ದಳು. ಮಗು ಬಟ್ಟಲಿನಿಂದ ಎರಡು ಕಣ್ಣು ಆರಿಸಬೇಕು, ಟೀಚರ್ ಪಾಲಿನದನ್ನು ಅವಳ ಏಪ್ರನ್ನಿನ ಜೇಬಿಗೆ ಹಾಕಬೇಕು, ತನ್ನ ಪಾಲಿನದನ್ನು ಇಟ್ಟುಕೊಂಡು ಸರದಿಗೆ ಕಾಯಬೇಕು. ಹತ್ತಿರ ಬಂದು ಕೂತಾಗ ಇಬ್ಬರೂ ಸೇರಿ ಅಂಟಿಸುವುದು.

ಇನ್ನೊಂದು ಅಭ್ಯಾಸವೂ ಇತ್ತು, ಅದನ್ನು ಅಭ್ಯಾಸ ಎಂದು ಅವಳು ಯಾವತ್ತೂ ಅಂದುಕೊಂಡವಳೇ ಅಲ್ಲ. ಒಂದು ಕೈಯಲ್ಲಿ ಕಾಗದ, ಇನ್ನೊಂದರಲ್ಲಿ ಗೋಂದಿನ ಬಾಟಲಿ ಹಿಡಿದವಳು ಕಣ್ಣನ್ನು ಎಲ್ಲಿಡಬೇಕು? ಜೇಬಿಗೆ ಕೈಹಾಕಿ ಒಂದನ್ನು ತೆಗೆದು ತುಟಿಗಳ ನಡುವೆ ಕಚ್ಚಿಕೊಳ್ಳುತ್ತಿದ್ದಳು, ನೋಡದೆಯೇ. ಮಾತಾಡಿ ಟೀಚರ್ ಎಂದು ಮಕ್ಕಳು ಪೀಡಿಸಿದರೆ, ಕಣ್ಣನ್ನು ಕೈಗೆ ತೆಗೆದುಕೊಂಡು ಒಂದು ತಮಾಷೆ ಹೇಳುತ್ತಿದ್ದಳು: ಬಾಯಲ್ಲಿ ಕಣ್ಣಿದ್ದಾಗ ಮಾತಾಡಿದರೆ ಅದು ಹೊಟ್ಟೆಗೆ ಇಳಿದು ಒಳಗಿರುವುದನ್ನೆಲ್ಲ ನೋಡಿಬಿಡುತ್ತದೆ, ತಿಂದ ಬಿಸ್ಕತ್ತಿನ ಲೆಕ್ಕವೆಲ್ಲ ಬಯಲಾಗುತ್ತದೆ. ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು.

ಊಟವಾದ ಮೇಲೆ ಯಾರೋ ಎಸೆದ ಚೆಂಡು ತಗುಲಿ ಲೋಳೆಮೀನು ಕೆಳಗೆ ಬಿದ್ದಿತು. ಮಕ್ಕಳು ಮುತ್ತಿಕೊಂಡವು. ಆಯಾ ಎಲ್ಲರನ್ನೂ ಗದರಿಸಿ ಓಡಿಸಿ, ಅದನ್ನೆತ್ತಿ ಬೀರುವಿನ ಮೇಲಿಟ್ಟಳು. ಅಷ್ಟೇ ನಡೆದದ್ದು. ಆಮೇಲೆ ಕೆಲಸ ಶುರುವಾಯಿತು, ಗೋಂದು ಕೈಗೆ ಕೂದಲಿಗೆ ಮೆತ್ತಿಕೊಂಡಿತು, ಮೊದಲ ಆಕ್ಟೋಪಸ್ಸುಗಳು ಎದ್ದು ನಿಂತವು. ರೇಡಿಯೋ ಕೊನೆಯ ಮೇಜಿನಲ್ಲಿ ಕೈಕಟ್ಟಿ ಕೂತಿದ್ದಳು, ಪಿಟ್ಟೆನ್ನದೆ. ಅವಳನ್ನು ನೋಡಿ ಕಲಿಯಿರಿ, ಇವತ್ತು ಎಷ್ಟು ಜಾಣೆ ಆಗಿದ್ದಾಳೆ ಎಂದು ಟೀಚರಮ್ಮ ಎಲ್ಲರೆದುರು ಹೊಗಳಿದಳು. ರೇಡಿಯೋ ಬಾಯಿ ಬಿಡದೆ ನಕ್ಕಳು.

ನಡುವೆ ಬಿಡುವು ಸಿಕ್ಕಿತೆಂದು ಟೀಚರಮ್ಮ ಲೋಳೆಮೀನಿಗೆ ಹೊಸ ದಾರ ಕಟ್ಟಲು ಹೋದಳು. ಬಟ್ಟಲನ್ನು ಮೇಲೆತ್ತಿದರೆ ಪುಟ್ಟ ದೀಪದ ಮುಚ್ಚಳ ತೆರೆದುಕೊಂಡಿತ್ತು. ಒಳಗೆ ಎರಡು ಗುಂಡಗಿನ ಗುಳಿ, ಎರಡೂ ಖಾಲಿ.

ಅಲ್ಲಿರಬೇಕಾದದ್ದು ಕೈಗಡಿಯಾರಕ್ಕೆ ಹಾಕುವಂಥ ಗುಂಡಿ ಸೆಲ್ಲುಗಳು. ಸ್ವಲ್ಪ ದಿನದ ಹಿಂದೆಯಷ್ಟೇ ಮಕ್ಕಳ ಡಾಕ್ಟರೊಬ್ಬರು ನರ್ಸರಿಗೆ ಬಂದು ಎಚ್ಚರಿಸಿ ಹೋಗಿದ್ದರು: ಮಣಿ, ನಾಣ್ಯ ಬೇರೆ ಮಾತು, ಈ ಸೆಲ್ಲು ಗಂಟಲಲ್ಲಿ ಸಿಕ್ಕಿಕೊಂಡರೆ ಒಳಗೊಳಗೇ ಸುಡುತ್ತದೆ, ಆಸ್ಪತ್ರೆ ತಲುಪುವುದು ತಡವಾದರೆ ಮಗು ದಕ್ಕುವುದಿಲ್ಲ. ಟೀಚರಮ್ಮ ತಲೆಯಾಡಿಸಿ ಕೇಳಿಸಿಕೊಂಡಿದ್ದಳು. ತಲೆಯಾಡಿಸಿದವಳೇ ಅಂಥ ದೀಪ ತಂದು ಮಕ್ಕಳ ನೆತ್ತಿಯ ಮೇಲೆ ನೇತುಹಾಕಿದ್ದಳಲ್ಲ, ಅದಕ್ಕೇನನ್ನೋಣ!

ಕೆಳಗೆಲ್ಲೋ ಉರುಳಿರಬೇಕು ಎಂದು ತನಗೆ ತಾನೇ ಹೇಳಿಕೊಳ್ಳುತ್ತ ಮಂಡಿಯೂರಿ ಹುಡುಕಿದಳು. ಚಾಪೆಯ ಅಡಿ, ಬೀರುವಿನ ಸಂದಿ, ಚಪ್ಪಲಿಗಳ ಗೂಡು. ಒಂದು ಬಳಪ ಸಿಕ್ಕಿತು, ಅರ್ಧ ಬಿಸ್ಕತ್ತು ಸಿಕ್ಕಿತು. ಆಯಾ ಪೊರಕೆ ಹಿಡಿದು ಬಂದು, ಏನು ಕಳೆದುಹೋಯಿತೆಂದು ಕೇಳಿದಳು. ಟೀಚರಮ್ಮ ಖಾಲಿ ದೀಪವನ್ನು ತೋರಿಸಿದಳು. ಆಯಾಳ ಮುಖ ಬಿಳುಚಿಕೊಂಡಿತು.

ಟೀಚರಮ್ಮ ಎದ್ದು ಮಕ್ಕಳ ಕಡೆ ತಿರುಗಿದಳು. ಹೊಳೆಯುವ ಗುಂಡಿ ಯಾರಿಗಾದರೂ ಸಿಕ್ಕಿತೇ ಎಂದು ಆದಷ್ಟು ಮೆತ್ತಗೆ ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ. ಕೊಡುವುದಾದರೂ ಹೇಗೆ? ಸಾಲಾಗಿ ಕೂತ ಅಷ್ಟೂ ಮಕ್ಕಳು, ಒಂದು ಕೈಯಲ್ಲಿ ಆಕ್ಟೋಪಸ್, ಇನ್ನೊಂದರಲ್ಲಿ ಗೋಂದು ಹಿಡಿದು, ತುಟಿಗಳ ನಡುವೆ ಒಂದೊಂದು ಪ್ಲಾಸ್ಟಿಕ್ ಕಣ್ಣು ಕಚ್ಚಿಕೊಂಡಿದ್ದವು. ಥೇಟ್ ಟೀಚರ್ ಹಾಗೆಯೇ. ಅಷ್ಟೂ ಕಣ್ಣುಗಳು ಅವಳನ್ನೇ ನೋಡುತ್ತಿದ್ದವು.

ಅಯ್ಯೋ, ಇದನ್ನು ಕಲಿಸಿದ್ದು ಯಾರು? ಇಷ್ಟು ದಿನ ಇವು ಹೀಗೆ ಕೂತಿರುತ್ತಿದ್ದವೇ, ತಾನು ಬಗ್ಗಿ ಕೆಲಸ ಮಾಡುತ್ತ ನೋಡಲೇ ಇಲ್ಲವೇ? ಒಂದೊಂದೇ ಬಾಯಿಯನ್ನು ನೋಡುತ್ತ ಹೋದಳು. ಬಿಳಿ ಕಣ್ಣು, ಬಿಳಿ ಕಣ್ಣು, ಬಿಳಿ ಕಣ್ಣು. ಕೊನೆಯ ಮೇಜಿನಲ್ಲಿ ಮಾತ್ರ ಒಂದು ಬಾಯಿ ಪೂರ್ತಿ ಮುಚ್ಚಿತ್ತು. ತುಟಿ ಬಿಗಿದು ಬೆಳ್ಳಗಾಗಿತ್ತು, ಎಡಗೆನ್ನೆ ಒಂಚೂರು ಉಬ್ಬಿತ್ತು. ರೇಡಿಯೋ ಯಾಕೆ ಮಾತಾಡುತ್ತಿರಲಿಲ್ಲ ಎಂಬುದು ಟೀಚರಮ್ಮನಿಗೆ ಆಗ ತಿಳಿಯಿತು.

ಆಯಾಳಿಗೂ ತಿಳಿಯಿತು. ಅವಳು ಎದೆ ತುಂಬ ಉಸಿರೆಳೆದುಕೊಂಡಳು, ಕೂಗಲಿಕ್ಕೇ. ಟೀಚರಮ್ಮ ಅವಳ ಮಣಿಕಟ್ಟು ಹಿಡಿದು ಹಿಂಡಿದಳು. ಹಿಂದೊಮ್ಮೆ ಒಂದು ಮಗುವಿನ ಬಾಯಲ್ಲಿ ಮಣಿ ಕಂಡು ಆಯಾ ಕಿರುಚಿದ್ದಳು. ಮಗು ಬೆಚ್ಚಿ ಗುಳುಂ ಎಂದು ನುಂಗಿತ್ತು. ಅದು ಮಣಿಯಾಗಿತ್ತು, ಮಾರನೆಯ ದಿನ ತಾನೇ ಹೊರಬಂತು.

"ಕೂಗಬೇಡ. ಓಡಬೇಡ. ಮೆಲ್ಲಗೆ ಹೊರಗೆ ಹೋಗಿ ಅವರಮ್ಮನಿಗೆ ಫೋನ್ ಮಾಡು, ಆಟೋ ಕರೆಸು," ಎಂದಳು ಪಿಸುದನಿಯಲ್ಲಿ.

ಆಯಾ ಬಾಯಿಗೆ ಸೆರಗು ಒತ್ತಿಕೊಂಡು ಹೊರಟಳು.

ಬಾಯಿಗೆ ಬೆರಳು ಹಾಕಿ ತೆಗೆದುಬಿಡಲೇ ಎಂದುಕೊಂಡಳು ಟೀಚರಮ್ಮ. ಹಲ್ಲು ಕಚ್ಚಿದರೆ? ಹೆದರಿ ನುಂಗಿದರೆ? ಉಗಿ ಎಂದರೆ? ಉಗಿಯಲು ಮೊದಲು ಉಸಿರೆಳೆದುಕೊಳ್ಳುತ್ತಾಳೆ, ಆಗ ಗಂಟಲಿಗೆ ಜಾರಿದರೆ? ಒಂದೊಂದು ದಾರಿಯ ತುದಿಯಲ್ಲೂ ಅದೇ ಗಂಟಲು. ಅದೂ ಅಲ್ಲದೆ ಗುಳಿ ಎರಡು. ಒಂದು ಆ ಕೆನ್ನೆಯಲ್ಲಿದ್ದರೆ ಇನ್ನೊಂದು ಎಲ್ಲಿ? ಆಗಲೇ ಒಳಗೆ ಹೋಗಿದೆಯೇ?

ಆ ಮಗು ತಪ್ಪೇನೂ ಮಾಡುತ್ತಿರಲಿಲ್ಲ, ಅದೇ ಎಲ್ಲಕ್ಕಿಂತ ಭಯ ಹುಟ್ಟಿಸಿದ್ದು. ಟೀಚರ್ ಹೇಳಿಕೊಟ್ಟಂತೆ ಬಾಯಿ ಮುಚ್ಚಿ, ಮಾತಾಡದೆ, ತನ್ನ ಸರದಿಗೆ ಕಾಯುತ್ತಿತ್ತು. ಹಾಗಾದರೆ ಸರದಿ ಬರಿಸಬೇಕು, ಬೇರೆ ದಾರಿಯಿಲ್ಲ.

ಮೊದಲು ಉಳಿದ ಮಕ್ಕಳಿಗೆ ಕಣ್ಣುಗಳನ್ನೆಲ್ಲ ಮೇಜಿನ ಮೇಲಿಟ್ಟು ನಿದ್ದೆ ಮಾಡಿಸಿ ಎಂದಳು. ಅವು ಕಣ್ಣುಗಳನ್ನು ಉಗುಳಿ, ಅಂಗೈ ಮುಚ್ಚಿ ತಟ್ಟತೊಡಗಿದವು. ಟೀಚರಮ್ಮ ನಗುಮುಖ ಮಾಡಿಕೊಂಡು ಕೊನೆಯ ಮೇಜಿಗೆ ನಡೆದಳು. ಪುಟ್ಟ ಕುರ್ಚಿಯಲ್ಲಿ ಮಂಡಿ ಗಲ್ಲಕ್ಕೆ ತಾಗುವಂತೆ ಕುಕ್ಕರಿಸಿದಳು.

"ಈಗ ನಿನ್ನ ಸರದಿ, ಪುಟ್ಟೀ. ನಾನು ಹೇಗೆ ಮಾಡ್ತೀನೋ ಹಾಗೇ ಮಾಡ್ತೀಯಾ?"

ರೇಡಿಯೋ ತಲೆಯಾಡಿಸಿದಳು. ಬಾಯಿ ತುಂಬ ಜೊಲ್ಲು ಸೇರಿತ್ತು. ಅವಳ ಗಂಟಲು ಒಮ್ಮೆ ಮೇಲೆ ಕೆಳಗೆ ಆಯಿತು. ಕೆನ್ನೆಯ ಉಬ್ಬು ಅಲ್ಲೇ ಇತ್ತು.

ಕಾಗದದ ಮುಖದ ಮೇಲೆ ಎರಡು ತೊಟ್ಟು ಗೋಂದು ಹಾಕಿದಳು. ಮಗುವಿಗೆ ಮಾಡಿ ತೋರಿಸಬೇಕು, ಎಂದಿನಂತೆಯೇ ಮಾಡಬೇಕು, ಇಲ್ಲದಿದ್ದರೆ ಅದು ನಂಬುವುದಿಲ್ಲ. ಏಪ್ರನ್ನಿನ ಜೇಬಿಗೆ ಕೈಹಾಕಿ ಬೆರಳಿಗೆ ಸಿಕ್ಕಿದ ಕಣ್ಣನ್ನು ತೆಗೆದು, ನೋಟವನ್ನು ಮಗುವಿನ ಗಂಟಲಿನಿಂದ ಕದಲಿಸದೆ, ತುಟಿಗಳ ನಡುವೆ ಇಟ್ಟುಕೊಂಡಳು.

ಅದು ತಣ್ಣಗಿತ್ತು. ಪ್ಲಾಸ್ಟಿಕ್ಕಿಗಿಂತ ಭಾರವಾಗಿತ್ತು. ನಾಲಿಗೆಯ ತುದಿಗೆ ಕಬ್ಬಿಣದ ರುಚಿ ತಾಗಿ ಚುರುಗುಟ್ಟಿತು.

ಟೀಚರ್ ಪಾಲಿನ ಕಣ್ಣು. ಹುಡುಗಿ ಪದ್ಧತಿ ಬಿಟ್ಟಿರಲಿಲ್ಲ. ಹೊಳೆಯುವ ಕಣ್ಣು ಎರಡು ಸಿಕ್ಕಿದ್ದವು, ಒಂದನ್ನು ತಾನಿಟ್ಟುಕೊಂಡು ಇನ್ನೊಂದನ್ನು ಜೇಬಿಗೆ ಹಾಕಿದ್ದಳು. ಟೀಚರಮ್ಮನಿಗೆ ಕಿರುಚಬೇಕೆನಿಸಿತು, ತಟ್ಟನೆ ಉಗಿಯಬೇಕೆನಿಸಿತು. ಮಗು ಅವಳ ಬಾಯನ್ನೇ ನೋಡುತ್ತಿತ್ತು. ಅವಳು ಬೆಚ್ಚಿದರೆ ಅದೂ ಬೆಚ್ಚುತ್ತದೆ. ಕೂಗು ಗಂಟಲ ತನಕ ಬಂದು ನಿಂತಿತು. ಅದನ್ನು ನುಂಗಲೂ ಧೈರ್ಯವಿಲ್ಲ, ಬಾಯಲ್ಲಿ ಸೆಲ್ಲು.

ಮೆಲ್ಲಗೆ ಮುಂದಕ್ಕೆ ಬಾಗಿದಳು. ಮಗುವೂ ಬಾಗಿತು. ತುಟಿ ಸಡಿಲಿಸಿ, ಎರಡು ಬೆರಳಲ್ಲಿ ಸೆಲ್ಲನ್ನು ಹಿಡಿದು ಗೋಂದಿನ ಮೇಲೆ ಇಟ್ಟಳು. ಆಮೇಲೆ ಅಂಗೈಯನ್ನು ಮಗುವಿನ ಗಲ್ಲದ ಕೆಳಗೆ ಚಾಚಿ ಕಾದಳು. ರೇಡಿಯೋ ಕೆನ್ನೆಯೊಳಗೆ ನಾಲಿಗೆ ಹೊರಳಿಸಿದಳು. ತುಟಿ ತೆರೆದವು. ಜೊಲ್ಲಿನ ಎಳೆಯೊಂದಿಗೆ ಸೆಲ್ಲು ಅಂಗೈಗೆ ಬಿತ್ತು.

ಟೀಚರಮ್ಮ ಮುಷ್ಟಿ ಬಿಗಿದಳು. ಇನ್ನೊಂದು ಕೈಯಿಂದ ಮಗುವನ್ನು ಎಳೆದು ಅಪ್ಪಿಕೊಂಡು ಅಳತೊಡಗಿದಳು.

"ನಾನೇ ಅಂಟಿಸ್ಬೇಕಿತ್ತು ಟೀಚರ್, ಅದು ನನ್ನ ಕಣ್ಣು," ಎಂದಳು ರೇಡಿಯೋ. ಆಮೇಲೆ ನಿಲ್ಲಲೇ ಇಲ್ಲ. ಲೋಳೆಮೀನು ಬಿದ್ದಾಗ ತನಗೇ ಸಿಕ್ಕಿದ್ದು, ತನ್ನ ಆಕ್ಟೋಪಸ್ಸಿನ ಕಣ್ಣು ಕತ್ತಲಲ್ಲಿ ಹೊಳೆಯುತ್ತದೆ, ಕೆನ್ನೆ ಉರಿಯುತ್ತಿತ್ತು ಆದರೂ ತಾನು ಮಾತಾಡಲಿಲ್ಲ.

ಬಾಯಿ ತೊಳೆಸಿ ಆಸ್ಪತ್ರೆಗೆ ಕರೆದೊಯ್ದರು. ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತಿದ್ದ ಅಮ್ಮ ಇಸ್ತ್ರಿ ಬಿಟ್ಟು ಓಡಿಬಂದಳು. ಡಾಕ್ಟರು ಇಬ್ಬರ ಬಾಯಿಗೂ ದೀಪ ಬಿಟ್ಟು ನೋಡಿದರು. ಮಗುವಿನ ಕೆನ್ನೆಯೊಳಗೆ ಬೆಳ್ಳಗೊಂದು ಸುಟ್ಟ ಗಾಯ, ವಾಸಿಯಾಗುತ್ತದಂತೆ. ಇಷ್ಟು ಬುದ್ಧಿಯಿರುವ ಹುಡುಗಿ ಇದನ್ನು ಬಾಯಿಗೆ ಹಾಕಿಕೊಂಡದ್ದಾದರೂ ಯಾಕೆ ಎಂದು ಅಮ್ಮ ಮಗಳ ಬೆನ್ನಿಗೊಂದು ಕೊಡಲು ಕೈಯೆತ್ತಿದಳು. ಟೀಚರಮ್ಮ ನಡುವೆ ನಿಂತಳು.

"ಅವಳನ್ನ ಹೊಡೀಬೇಡಿ. ಅವಳು ನನ್ನ ನೋಡಿ ಕಲಿತದ್ದು."

ಅಮ್ಮ ಅವಳನ್ನೇ ದಿಟ್ಟಿಸಿ ನೋಡಿದಳು. ಮಗಳನ್ನೆತ್ತಿಕೊಂಡು ಹೊರಟುಹೋದಳು.

ರೇಡಿಯೋ ಮತ್ತೆ ಬರುತ್ತಾಳೆಂದು ಟೀಚರಮ್ಮ ಅಂದುಕೊಂಡಿರಲಿಲ್ಲ. ಮುಂದಿನ ವಾರ ಬಂದಳು, ಬೆಕ್ಕಿನ ಸಮಾಚಾರದ ಸಮೇತ. ಲೋಳೆಮೀನು ಕಸದ ಬುಟ್ಟಿ ಸೇರಿತ್ತು, ಏಪ್ರನ್ನಿನ ಜೇಬನ್ನು ಟೀಚರಮ್ಮ ಹೊಲಿದು ಮುಚ್ಚಿದ್ದಳು. ಆವತ್ತು ನಕ್ಷತ್ರಮೀನು, ಕಣ್ಣಿನ ಗೋಜೇ ಇಲ್ಲ, ಕಾಗದ ಕತ್ತರಿಸಿ ಮಡಿಸಿದರೆ ಆಯಿತು. ಒಂದು ಕೈಯಲ್ಲಿ ಕಾಗದ, ಇನ್ನೊಂದರಲ್ಲಿ ಕತ್ತರಿ ಹಿಡಿದ ಟೀಚರಮ್ಮ ಮೇಜಿನ ಮೇಲಿದ್ದ ಚೂರೊಂದನ್ನು ತೆಗೆದು, ನೋಡದೆಯೇ ಎಲ್ಲೋ ಇಟ್ಟುಕೊಂಡಳು.

ಮಕ್ಕಳೆಲ್ಲ ತಲೆಯೆತ್ತಿ ಅವಳ ಬಾಯನ್ನೇ ನೋಡಿದವು. ರೇಡಿಯೋ ಕುರ್ಚಿಯಿಂದಿಳಿದು ಬಂದು, ಆವತ್ತು ಟೀಚರ್ ಮಾಡಿದ ಹಾಗೆಯೇ ಟೀಚರಮ್ಮನ ಗಲ್ಲದ ಕೆಳಗೆ ಅಂಗೈ ಚಾಚಿ ನಿಂತಳು.

"ಟೀಚರ್, ಹೆದರ್ಕೋಬೇಡಿ. ಮೆಲ್ಲಗೆ ಬಾಯಿ ತೆಗೀರಿ."

ಟೀಚರಮ್ಮ ಬಾಯಿ ತೆರೆದಳು. ಕೆಂಪು ಕಾಗದದ ಚೂರು ಆ ಪುಟ್ಟ ಅಂಗೈಗೆ ಬಿತ್ತು.