ಮೂರನೇ ಸಾಲಿನ ಡೆಸ್ಕು

ಬಟ್ಟೆಯನ್ನು ಮತ್ತೊಮ್ಮೆ ಹಿಂಡಿ ಟೀಚರ್ ಇನ್ನೂ ಜೋರಾಗಿ ಉಜ್ಜಿದರು. ಡೆಸ್ಕಿನ ಮೇಲಿನ ಶಾಯಿ ಹೋಯಿತು, ಅಕ್ಷರ ಹೋಗಲಿಲ್ಲ. ‘ಓಡಿಹೋದವಳ ಮಗಳು.’

“ಉಜ್ಜಿ ಉಜ್ಜಿ ಕೈ ಸವೆಸ್ಕೋಬೇಡಿ ಟೀಚರಮ್ಮ,” ಕಿಟಕಿ ತೆರೆಯುತ್ತಿದ್ದ ಆಯಾ ಹೇಳಿದಳು. “ಕೈವಾರದ ಮೊನೇಲಿ ಕೆತ್ತಿದಾರೆ. ಲೆಕ್ಕದ ಪಾಠಕ್ಕೆ ತನ್ನಿ ಅಂದ್ರೆ ಮಾತ್ರ ಅದೇ ಕೈವಾರ ಮನೇಲಿ ಮರೆತಿರ್ತಾರೆ.”

ಟೀಚರ್ ನಗಲಿಲ್ಲ. ಆಯಾ ಬಕೆಟ್ಟು ಎತ್ತಿಕೊಂಡು ಹೊರಟುಹೋದಳು.

ಗಂಟೆ ಹೊಡೆಯಲು ಇನ್ನೂ ಅರ್ಧ ತಾಸಿತ್ತು. ಹನ್ನೊಂದು ವರ್ಷಗಳಿಂದ ಈ ಅರ್ಧ ತಾಸು ಅವರದು. ದಿನಕ್ಕೊಂದು ಮಗುವಿನ ಜಾಗದಲ್ಲಿ ಕೂತು ಆ ಮಗುವಿಗಾಗಿ ಪ್ರಾರ್ಥಿಸುತ್ತಿದ್ದರು. ಕೂತಾಗಲೇ ಕೆಲವು ಸಂಗತಿಗಳು ತಿಳಿಯುತ್ತಿದ್ದವು: ಒಬ್ಬನಿಗೆ ಬೋರ್ಡಿನ ಎಡತುದಿ ಕಾಣುವುದಿಲ್ಲ, ಒಬ್ಬಳ ಕಾಲಿಗೆ ಮೊಳೆ ತಾಗುತ್ತದೆ. ಮೊಳೆಯನ್ನು ಅವರೇ ಕಿತ್ತಿದ್ದರು. ಸಂಜೆ ಬೀಗ ತೆಗೆದು ಒಳಹೋಗುವ ತಮ್ಮ ಕೋಣೆಯಲ್ಲಿ ಹೆಸರು ಹಿಡಿದು ಕರೆಯಲು ಯಾರೂ ಇರಲಿಲ್ಲ. ಇಲ್ಲಿ ಇಪ್ಪತ್ತೆಂಟು ಹೆಸರುಗಳಿದ್ದವು.

ಇವತ್ತು ‘ಏಣಿ’ಯ ಸರದಿ. ಏಳನೇ ತರಗತಿಗೇ ಎಲ್ಲರಿಗಿಂತ ಒಂದು ಗೇಣು ಎತ್ತರ ಬೆಳೆದ ಹುಡುಗಿಗೆ ಮಕ್ಕಳು ಇಟ್ಟ ಹೆಸರು ಅದು. ಅವಳ ಪಕ್ಕ ಕೂರುತ್ತಿದ್ದವಳು ಎರಡು ದಿನದಿಂದ ಮುಂದಿನ ಸಾಲಿಗೆ ಹೋಗಿದ್ದಳು.

ಟೀಚರ್ ಕೂತು ಕಣ್ಣು ಮುಚ್ಚಿದರು. “ಕರ್ತನೇ” ಎಂದರು. ಕಣ್ಣು ತೆರೆದು ಮತ್ತೆ ಆ ಅಕ್ಷರಗಳನ್ನೇ ನೋಡಿದರು.

ಹೋದ ವಾರ ಪ್ರಾರ್ಥನೆ ಪೆಟ್ಟಿಗೆಯಲ್ಲಿ ಅವಳ ಚೀಟಿ ಸಿಕ್ಕಿತ್ತು. ಮಕ್ಕಳು ತಮ್ಮ ಕೋರಿಕೆ ಬರೆದು ಹಾಕುವ ಪೆಟ್ಟಿಗೆ. ಕೀಲಿ ಟೀಚರ್ ಬಳಿ ಮಾತ್ರ. ‘ಅಮ್ಮ ಮನೆ ಬಿಟ್ಟು ಹೋಗಿದ್ದಾಳೆ. ವಾಪಸ್ ಬರಲಿ.’ ಓದಿ ಅತ್ತಿದ್ದರು. ಸೋಮವಾರ ಇಡೀ ಶಾಲೆಯ ಮುಂದೆ, ಮೈಕಿನಲ್ಲಿ, ತಾಯಿ ಬಿಟ್ಟುಹೋದ ಮೇಲೆ ಮನೆಮಂದಿಗೆಲ್ಲ ಅಡುಗೆ ಮಾಡಿಟ್ಟು ಬರುವ ‘ಏಳನೇ ತರಗತಿಯ ನಮ್ಮ ಮಗಳಿಗಾಗಿ’ ಪ್ರಾರ್ಥಿಸಿದ್ದರು. ಹೆಸರು ಹೇಳಿರಲಿಲ್ಲ; ಆದರೆ ಅಡುಗೆ ಮಾಡಿಟ್ಟು ಬರುವವಳು ಯಾರೆಂದು ತರಗತಿಗೆಲ್ಲ ಗೊತ್ತಿತ್ತು. ಆಮೆನ್ ಎಂದು ಕಣ್ಣು ತೆರೆದಾಗ ಮುನ್ನೂರು ತಲೆಗಳು ಒಂದೇ ಕಡೆ ತಿರುಗಿದ್ದವು. ಅಷ್ಟು ಎತ್ತರದ ಹುಡುಗಿಗೆ ಬಚ್ಚಿಟ್ಟುಕೊಳ್ಳಲು ಜಾಗವಿರಲಿಲ್ಲ.

“ನಿಮ್ಮ ಪ್ರಾರ್ಥನೆ ಕೇಳಿ ನನಗೇ ಕಣ್ಣು ತುಂಬಿ ಬಂತು ನೋಡಿ,” ಎಂದಿದ್ದರು ಹೆಡ್‌ಮಿಸ್. ಆ ಮಾತಿಗೆ ಟೀಚರ್ ಮುಗುಳ್ನಕ್ಕಿದ್ದರು.

“ಅದು ನನ್ನ ಜಾಗ, ಟೀಚರ್.”

ಬಾಗಿಲಲ್ಲಿ ಏಣಿ ನಿಂತಿದ್ದಳು. ಗೇಟಿನ ಹತ್ತಿರ ಗುಂಪು ಸೇರುವ ಮೊದಲೇ ಬಂದುಬಿಡುತ್ತಿದ್ದಳು ಈಚೆಗೆ. ಟೀಚರ್ ತಟ್ಟನೆ ಎದ್ದರು. ಹುಡುಗಿ ಕೂತು, ಕೆತ್ತಿದ ಅಕ್ಷರಗಳು ಮುಚ್ಚುವಂತೆ ನೋಡದೆಯೇ ಪುಸ್ತಕ ಇಟ್ಟಳು.

“ತಪ್ಪು ನಂದೇ ಕಣಮ್ಮ.”

“ನೀವೇನು ಹೆಸರು ಹೇಳ್ಲಿಲ್ವಲ್ಲ.”

“ಹೇಳ್ದೇ ಇದ್ರೂ ಎಲ್ಲರಿಗೂ ಗೊತ್ತಾಯ್ತು.”

“ತಂಗಿಗೂ ಗೊತ್ತಾಯ್ತು.” ಹುಡುಗಿಯ ದನಿ ಏರಲಿಲ್ಲ. “ಎರಡನೇ ಕ್ಲಾಸಿನ ಸಾಲಲ್ಲಿ ನಿಂತಿದ್ಲು. ಅಮ್ಮ ಅಜ್ಜಿ ಮನೇಗೆ ಹೋಗಿದಾಳೆ ಅಂತ ಹೇಳಿಟ್ಟಿದ್ದೆ ಅವಳಿಗೆ. ಈಗ ನಾನು ಊಟ ಆರಿದೆ ತಿನ್ನು ಅಂದ್ರೂ ನಂಬಲ್ಲ, ಮುಟ್ಟಿ ನೋಡ್ತಾಳೆ.”

ಟೀಚರ್ ತಮ್ಮ ಬೈಬಲಿನೊಳಗಿಂದ ನಾಲ್ಕು ಮಡಿಕೆಯ ಆ ಚೀಟಿ ತೆಗೆದು ಡೆಸ್ಕಿನ ಮೇಲಿಟ್ಟರು. ಹುಡುಗಿ ಅದನ್ನು ಬಿಚ್ಚದೆ ಕಂಪಾಸ್ ಪೆಟ್ಟಿಗೆಗೆ ಹಾಕಿ ಮುಚ್ಚಳ ಒತ್ತಿದಳು.

“ಇನ್ಮೇಲೆ ನಿನ್ನ ವಿಷಯ ನನ್ನ ಬಾಯಿಂದ ಹೊರಗೆ ಬರಲ್ಲ,” ಎಂದರು ಟೀಚರ್. ಖಾಲಿಯಿದ್ದ ಬೆಂಚಿನ ಅರ್ಧದತ್ತ ನೋಡಿದರು. “ಇಲ್ಲೇ ಪಕ್ಕದಲ್ಲಿ ಕೂತು, ಮನಸ್ಸಲ್ಲೇ ನಿನಗೋಸ್ಕರ ಪ್ರಾರ್ಥನೆ ಮಾಡ್ಲಾ? ಯಾರಿಗೂ ಕೇಳಿಸಲ್ಲ.”

ಹೊರಗೆ ಮೊದಲ ಮಕ್ಕಳ ಗದ್ದಲ ಶುರುವಾಗಿತ್ತು. ಹುಡುಗಿ ಹೆಗಲಿಂದ ಚೀಲ ತೆಗೆದು ಬೆಂಚಿನ ಆ ಅರ್ಧದ ಮೇಲೆ ಇಟ್ಟಳು.

“ಬೇಡ ಟೀಚರ್.”