ಸೊನ್ನೆ ಕಸದ ಮನೆ

ನಾಲ್ಕನೇ ಮಹಡಿಯ ಅಮ್ಮನವರ ಮನೆಯಲ್ಲಿ ಕಸ ಹುಟ್ಟುವುದೇ ನಿಂತುಹೋಯಿತು. ಭೂಮಿಯ ಭವಿಷ್ಯದ ಪ್ರಶ್ನೆಯಾದ್ದರಿಂದ ಇದನ್ನು ಮೊದಲೇ ತಿಳಿಸಬೇಕು. ಆ ಕಟ್ಟಡದಲ್ಲಿ ಪ್ರತಿ ಶನಿವಾರ ವಾಚ್‌ಮನ್ ಮನೆಮನೆಯ ಕಸ ತೂಗಿ, ತೂಕದ ಪಟ್ಟಿಯನ್ನು ಲಿಫ್ಟಿನ ಪಕ್ಕ ಅಂಟಿಸುತ್ತಿದ್ದ. ಎಲ್ಲರಿಗಿಂತ ಕಡಿಮೆ ಕಸದ ಮನೆಗೆ ಬಹುಮಾನವಿತ್ತು. ಅಮ್ಮನವರ ಹೆಸರಿನ ಮುಂದೆ ಎರಡು ತಿಂಗಳಿಂದ ಸೊನ್ನೆ. ಭೂಮಿ ಉಳಿಸುವ ಸಮಿತಿಗೆ ಅಧ್ಯಕ್ಷರೂ ಅವರೇ.

ಕಸವನ್ನು ಮನೆಗೆಲಸದವಳು ದಿನಾ ತನ್ನ ಗಲ್ಲಿಗೆ ಒಯ್ಯುತ್ತಿದ್ದಳು. ಒಯ್ಯುವ ಚೀಲ ಮಾತ್ರ ಬಟ್ಟೆಯದೇ ಆಗಬೇಕೆಂದು ಅಮ್ಮನವರ ಕಟ್ಟಪ್ಪಣೆ. ಒಮ್ಮೆ ಅವಳು ಪ್ಲಾಸ್ಟಿಕ್ ಕವರು ತಂದಾಗ ಗೇಟಿನಲ್ಲಿ ಎಲ್ಲರೆದುರು ಕಿತ್ತುಕೊಂಡು, "ನಿಮ್ಮಂಥೋರಿಂದಾನೇ ಕಣೇ ಲೋಕ ಹಾಳಾಗ್ತಿರೋದು" ಎಂದಿದ್ದರು. ಆ ಕವರು ಅವಳ ಬಳಿ ಒಂದು ವರ್ಷದಿಂದ ಇತ್ತು. ತೊಳೆದು, ಹಗ್ಗಕ್ಕೆ ಹಾಕಿ ಒಣಗಿಸಿ, ಮಡಚಿಡುತ್ತಿದ್ದಳು.

ಅವಳ ಗಲ್ಲಿಗೆ ಕಸದ ಗಾಡಿ ಬರುವುದಿಲ್ಲ. ಚರಂಡಿಯ ಪಕ್ಕ ಗುಡ್ಡೆ ಬೆಳೆಯಿತು. ಹೆಲ್ತ್ ಇನ್‌ಸ್ಪೆಕ್ಟರ್ ಬಂದ; ಸದಾ ಮೂಗಿಗೆ ಕರ್ಚೀಫು ಹಿಡಿದಿರುತ್ತಿದ್ದ ಅವನಿಗೆ ಗಲ್ಲಿಯವರಿಟ್ಟ ಹೆಸರು ಮೂಗಪ್ಪ. ಕೋಲಿನಿಂದ ಗುಡ್ಡೆ ಕೆದಕಿದ. ಆಲಿವ್ ಎಣ್ಣೆಯ ಬಾಟಲಿ, ಚಾಕಲೇಟಿನ ಡಬ್ಬಿ, ಹೊಸ ಬೂಟಿನ ರಟ್ಟು, ನಾಯಿ ಬಿಸ್ಕತ್ತಿನ ಪ್ಯಾಕೆಟ್ಟು ಮೇಲೆದ್ದವು.

"ಇಷ್ಟೆಲ್ಲಾ ತಿಂದು ತೇಗ್ತೀರಾ, ಮೇಲೆ ಬಡವ್ರು ಅಂತೀರಾ, ಹಂದಿ ನನ್ಮಕ್ಳಾ" ಎಂದ. ಸೋಮವಾರದೊಳಗೆ ಗುಡ್ಡೆ ಎತ್ತದಿದ್ದರೆ ಗಲ್ಲಿಗಿರುವ ಒಂದೇ ನಲ್ಲಿಯನ್ನು ಕೀಳಿಸುವುದಾಗಿ ಹೇಳಿ ಹೋದ.

ಮನೆಗೆಲಸದವಳ ಅತ್ತೆ ನಾಯಿ ಬಿಸ್ಕತ್ತಿನ ಪ್ಯಾಕೆಟ್ಟನ್ನು ತಿರುಗಿಸಿ ನೋಡಿದಳು. "ನಾವ್ ಸಾಕಿರೋ ನಾಯಿ ಯಾವ್ದೇ, ನಿನ್ ಗಂಡನ್ನ ಬಿಟ್ರೆ? ಆ ಮುಂಡೇದು ಉಂಡು ಎಸೆದಿದ್ದಕ್ಕೆ ನಮ್ ನೀರು ಹೋಗ್ಬೇಕಾ? ಹೊತ್ಕೊಂಡ್ ಬಂದೋಳು ನೀನು, ನೀನೇ ಹೊತ್ಕೊಂಡ್ ಹೋಗು."

ಇನ್ನು ಕಸ ಒಯ್ಯಲಾರೆನೆಂದು ಸೊಸೆ ಅಮ್ಮನವರಿಗೆ ಹೇಳಿ ನೋಡಿದಳು. ಬಹುಮಾನದ ದಿನ ಹತ್ತಿರವಿರುವಾಗ ಇಂಥ ಮಾತೆಲ್ಲ ಬೇಡವೆಂದರು ಅವರು. ಕಷ್ಟವಾದರೆ ಬೇರೆ ಮನೆ ನೋಡಿಕೊಳ್ಳಬಹುದೆಂದರು.

ಶನಿವಾರ ಕಟ್ಟಡದ ನೆಲಮಹಡಿಯಲ್ಲಿ ಬಹುಮಾನದ ಸಭೆ. ಬಡವರಿಗೆ ಪರಿಸರದ ಅರಿವು ಕಡಿಮೆ, ಪಾಪ, ಅವರಿಗೆ ಹೊಟ್ಟೆಪಾಡೇ ದೊಡ್ಡದು, ನಾವೇ ತಾಳ್ಮೆಯಿಂದ ಕಲಿಸಬೇಕು ಎಂದು ಅಮ್ಮನವರು ಮೈಕಿನಲ್ಲಿ ಹೇಳುತ್ತಿದ್ದರು. ಚಪ್ಪಾಳೆಯ ನಡುವೆ ಮನೆಗೆಲಸದವಳು, ಅವಳ ಅತ್ತೆ, ಗಲ್ಲಿಯ ನಾಲ್ವರು ಹೆಂಗಸರು ಮೂಟೆ ಹೊತ್ತು ಒಳಗೆ ಬಂದರು. ತೂಕದ ಯಂತ್ರದ ಮೇಲೆ ಒಂದೊಂದಾಗಿ ಇಟ್ಟರು. ಎಲ್ಲವೂ ಬಟ್ಟೆಯ ಮೂಟೆಗಳೇ.

ವಾಚ್‌ಮನ್ ಕರ್ತವ್ಯ ಮರೆಯದೆ ಬಗ್ಗಿ ಮುಳ್ಳು ನೋಡಿದ. "ತೊಂಬತ್ತೊಂದು ಕಿಲೋ. ಯಾರ ಮನೇದು ಅಂತ ಬರ್ಕೊಳ್ಲಿ?"

ಮನೆಗೆಲಸದವಳು ಮೂಟೆಯಿಂದ ಬೂಟಿನ ರಟ್ಟನ್ನು ಎಳೆದು ಕೊಟ್ಟಳು. "ರಟ್ಟಿನ ಮೇಲೆ ಅಂಟ್ಸಿದಾರಲ್ಲಣ್ಣ, ಹೆಸರು, ಮನೆ ನಂಬರು ಎಲ್ಲಾ. ನಂಗೆ ಓದೋಕ್ ಬರಲ್ಲ. ನೀನೇ ಓದು."

ಓದಿದ. ಮೈಕು ಹತ್ತಿರವೇ ಇದ್ದದ್ದರಿಂದ ಹಿಂದಿನ ಸಾಲಿನವರಿಗೂ ಕೇಳಿಸಿತು.

ಬಹುಮಾನ ಮೂರನೇ ಮಹಡಿಯವರಿಗೆ ಹೋಯಿತು. ಅವರ ಕಸವನ್ನು ಅವರ ಡ್ರೈವರ್ ಒಯ್ಯುತ್ತಿದ್ದ. ಸೋಮವಾರ ಇನ್‌ಸ್ಪೆಕ್ಟರ್ ಬಂದು ಚರಂಡಿಯ ಪಕ್ಕ ನೋಡಿ ಸುಮ್ಮನೆ ಹೋದ. ನಲ್ಲಿ ಉಳಿಯಿತು. ಅವಳ ಕೆಲಸ ಉಳಿಯಲಿಲ್ಲ.