ಟೀಚರ್ ಕೂರುತ್ತಿದ್ದ ಮಣೆ

ನಾನು ಹಲಸಿನ ಮರದ ಒಂದು ಮಣೆ. ಯಾರದೋ ಮನೆಯ ಬಾಗಿಲು ಮಾಡಿ ಉಳಿದ ತುಂಡಿಗೆ ನಾಲ್ಕು ಗಿಡ್ಡ ಕಾಲು ಬಡಿದು ಆಚಾರಿ ನನ್ನನ್ನು ಹುಟ್ಟಿಸಿದ. ಮಾಡಿಸಿಕೊಂಡವರು ಊರ ಪ್ರೈಮರಿ ಶಾಲೆಯ ರುದ್ರಾಣಮ್ಮ ಟೀಚರ್. ಒಳ್ಳೆ ಕುರ್ಚಿ ಇದ್ದರೂ ಆ ಮಹಾತಾಯಿ ನನ್ನ ಮೇಲೆ ಕೂತೇ ಪಾಠ ಮಾಡುತ್ತಿದ್ದರು. ಮಂಡಿನೋವು ಬೇರೆ. ಏಳುವಾಗೆಲ್ಲ ನರಳುತ್ತಿದ್ದರು.

ನಿವೃತ್ತಿಯ ದಿನ, ಹೊಸದಾಗಿ ಬಂದಿದ್ದ ಚಿದಾನಂದ ಮೇಷ್ಟ್ರಿಗೆ ನನ್ನನ್ನು ಒಪ್ಪಿಸಿದರು.

"ನೋಡಪ್ಪ, ಮಗು ಮುಖದ ಮಟ್ಟಕ್ಕೆ ಕೂತ್ಕೊಂಡು ಮಾತಾಡು. ಪ್ರಶ್ನೆ ಕೇಳಿದ ಮೇಲೆ ಸುಮ್ನೆ ಕಾಯಿ, ಪಕ್ಕದವರಿಗೆ ದಾಟಿಸಬೇಡ. ಬೈಯೋದಾದ್ರೆ ಪಕ್ಕಕ್ಕೆ ಕರ್ಕೊಂಡು ಹೋಗಿ ಬೈ. ಆಮೇಲೆ ಆ ಭುವನಾ ಇದಾಳಲ್ಲ, ಅವಳು ಇನ್ನೇನು ಓದೋಕೆ ಶುರು ಮಾಡ್ತಾಳೆ. ಅವಸರ ಮಾಡಬೇಡ."

ಭುವನಾ ಮೂರನೇ ಕ್ಲಾಸಿನ ಹುಡುಗಿ. ಅಕ್ಷರ ಗುರುತಿಸುತ್ತಿದ್ದಳು, ಬಾಯಿ ಮಾತ್ರ ಬಿಡುತ್ತಿರಲಿಲ್ಲ. ಈ ವರ್ಷವೂ ಓದು ಬರದಿದ್ದರೆ ಶಾಲೆ ಬಿಡಿಸಿ ಪುಟ್ಟ ತಮ್ಮನನ್ನು ನೋಡಿಕೊಳ್ಳೋಕೆ ಇಟ್ಟುಕೊಳ್ಳುತ್ತೇನೆ ಅಂತ ಅವಳ ಅಮ್ಮ ಸುನಂದಾ ಹೇಳಿಬಿಟ್ಟಿದ್ದಳು.

ಚಿದಾನಂದ ಮೇಷ್ಟ್ರು ಕೆಟ್ಟವರಲ್ಲ. ಬಿಗಿ ಪ್ಯಾಂಟಿನಲ್ಲಿ ಪಾಡು ಪಡುತ್ತಾ ನನ್ನ ಮೇಲೆ ಕೂತು ಭುವನಾಳ ಮುಂದೆ ಪುಸ್ತಕ ಹಿಡಿದು ಕಾಯುತ್ತಿದ್ದರು. ಅವಳ ತುಟಿ ಅಲ್ಲಾಡತೊಡಗಿತ್ತು. ನನಗೂ ಆಸೆ ಹುಟ್ಟಿತ್ತು, ಸುಳ್ಳು ಯಾಕೆ ಹೇಳಲಿ.

ಅಷ್ಟರಲ್ಲಿ ಇನ್‌ಸ್ಪೆಕ್ಷನ್ ಬಂತು. ಓದಲು ತಡವರಿಸುವ ಮಕ್ಕಳನ್ನು ಅವತ್ತು ಸಾಹೇಬರ ಕಣ್ಣಿಗೆ ಬೀಳದ ಹಾಗೆ ನೋಡಿಕೊಳ್ಳೋದು ಸುತ್ತಮುತ್ತಲ ಶಾಲೆಗಳಲ್ಲಿ ರೂಢಿ. ಪಾಪ, ಮೇಷ್ಟ್ರೂ ಅದನ್ನೇ ಮಾಡಿದರು.

"ಭುವನಾ, ಕೆಂಪಾಜಮ್ಮಂಗೆ ಬೆಳ್ಳುಳ್ಳಿ ಸುಲಿದು ಕೊಡ್ತೀಯಾ ಪುಟ್ಟಾ? ಕೂರೋಕೆ ಈ ಮಣೆ ತಗೊಂಡು ಹೋಗು."

ಬಿಸಿಯೂಟದ ಅಡುಗೆಮನೆಯಲ್ಲಿ ಅವಳು ನನ್ನ ಮೇಲೆ ಕೂತು ಸುಲಿಯತೊಡಗಿದಳು. ಎದುರಿಗೆ ಬೇಳೆ ಚೀಲ. ಸ್ವಲ್ಪ ಹೊತ್ತಿಗೆ ಚೀಲದ ಮೇಲಿನ ಅಕ್ಷರದ ಮೇಲೆ ಬೆರಳಿಟ್ಟು "ತೊಗರಿ ಬೇಳೆ. ತೇವ ತಾಗದಂತೆ ಇಡಿ" ಅಂತ ಗಟ್ಟಿಯಾಗಿ ಓದಿದಳು. ನನ್ನ ಜೀವ ಹಿಗ್ಗಿಹೋಯಿತು. ಅಡುಗೆಯ ಕೆಂಪಾಜಮ್ಮ ಸೌಟು ಕೈಯಲ್ಲೇ ಹಿಡಿದು, ಅಡುಗೆಮನೆಯ ಎದುರಿಗೇ ಇದ್ದ ಕ್ಲಾಸಿನ ಬಾಗಿಲಿಗೆ ಓಡಿದಳು.

"ಮೇಷ್ಟ್ರೇ, ಮಗು ಓದ್ತಾ ಐತೆ, ಬನ್ನಿ."

ಒಳಗೆ ಸಾಹೇಬರು ಕೂತಿದ್ದರು. ಮೇಷ್ಟ್ರು ಬೆನ್ನ ಹಿಂದೆ ಕೈ ಆಡಿಸಿ ಹೋಗು ಹೋಗು ಅಂತ ಸನ್ನೆ ಮಾಡಿದರು. ಬಾಗಿಲವರೆಗೂ ಹಿಂದೆಯೇ ಬಂದಿದ್ದ ಭುವನಾ ಆ ಕೈ ನೋಡಿದಳು.

ಸಾಹೇಬರು ಶಹಬ್ಬಾಸ್ ಹೇಳಿ ಹೋದ ಮೇಲೆ ಮೇಷ್ಟ್ರು ಅಡುಗೆಮನೆಗೆ ಬಂದು ನಿಂತುಕೊಂಡೇ, "ಎಲ್ಲಿ, ಓದು ನೋಡೋಣ" ಅಂದರು. ಅವಳು ತಲೆ ಎತ್ತಲಿಲ್ಲ. ಕಾಯಬೇಕಿತ್ತು. ಅವರೇ ಓದಿಬಿಟ್ಟರು. "ತೊಗರಿ ಬೇಳೆ, ಅಲ್ವಾ?" ಅವಳು ಹೂಂ ಅಂದಳು. ಅವತ್ತಿನಿಂದ ಪುಸ್ತಕ ಹಿಡಿದರೆ ಅವಳ ತುಟಿಯೂ ಅಲ್ಲಾಡಲಿಲ್ಲ.

ವರ್ಷದ ಕೊನೆಗೆ ಸುನಂದಾ ಬಂದಳು. ಇನ್ನೊಂದು ವರ್ಷ ನೋಡೋಣ ತಾಯಿ ಅಂತ ಮೇಷ್ಟ್ರು ಅಂಗಲಾಚಿದರು.

"ಸಾಹೇಬ್ರು ಬಂದಾಗ ಇವಳನ್ನ ಬೆಳ್ಳುಳ್ಳಿ ಸುಲಿಯೋಕೆ ಕೂರಿಸಿದ್ರಂತಲ್ಲ ಸಾರ್. ಅದನ್ನ ನಮ್ಮನೇಲೇ ಕಲೀತಾಳೆ ಬಿಡಿ."

ಮಗಳ ಕೈ ಹಿಡಿದು ಕರೆದುಕೊಂಡು ಹೋದಳು.

ನನ್ನನ್ನು ಯಾರೂ ಕ್ಲಾಸಿಗೆ ವಾಪಸ್ ಒಯ್ಯಲಿಲ್ಲ. ಒಂದು ಕಾಲು ಮುರಿದಿದೆ, ಇಟ್ಟಿಗೆ ಕೊಟ್ಟು ನಿಲ್ಲಿಸಿದ್ದಾರೆ. ಮೈಯೆಲ್ಲ ಈರುಳ್ಳಿ ವಾಸನೆ. ಹೊಸ ಟೀಚರುಗಳು ಬಂದಾಗ ನನಗೆ ಹೇಳಬೇಕೆನಿಸುತ್ತದೆ: ಓದು ಬಾರದ ಮಗುವನ್ನು ಬಚ್ಚಿಡಬೇಡ್ರಪ್ಪ, ಎಲ್ಲರಿಗಿಂತ ಮುಂದೆ ಕೂರಿಸಿ. ಮಣೆ ಮಾತು ಯಾರಿಗೆ ಬೇಕು?

ನಾಲ್ಕಾರು ವರ್ಷದ ಮೇಲೆ, ಈ ಜೂನ್‌ನಲ್ಲಿ ಭುವನಾ ತಮ್ಮನನ್ನು ಒಂದನೇ ಕ್ಲಾಸಿಗೆ ಸೇರಿಸಲು ಕರೆತಂದಿದ್ದಳು. ಎತ್ತರ ಬೆಳೆದಿದ್ದಾಳೆ. ಚಿದಾನಂದ ಮೇಷ್ಟ್ರು ಬಾಗಿಲಿಗೇ ಬಂದು, "ನೀನೂ ಒಳಗೆ ಬಾ ಪುಟ್ಟಾ, ಕೂತ್ಕೋ" ಅಂದರು.

ಅವಳು ತಮ್ಮನನ್ನು ಒಳಗೆ ಬಿಟ್ಟು, ಸೀದಾ ಅಡುಗೆಮನೆಗೆ ಬಂದು ನನ್ನ ಮೇಲೆ ಕೂತಳು.

"ಏನು ಸುಲೀಬೇಕು ಕೆಂಪಾಜಮ್ಮ?"